ಪಾಪರ್ ಆದ ಫ್ಲೋರಿನ್ ಬಾಯಮ್ಮ

ಫ್ಲೋರಿನ್ ಬಾಯಮ್ಮ ಹೊಸಬರಿಗೆ ತಮ್ಮ ಪರಿಚಯ ಹೇಳಿಕೊಳ್ಳುವ ರೀತಿಯೇ ಬೇರೆ. "ನಾನು ಫ್ಲೋರಿನ್. ಕಿನ್ನಿಗೋಳಿ ಹತ್ರ ಮನೆ. ಟೈಲರಿಂಗ್ ಕೆಲಸ. ಒಮ್ಮೆ ಪಾಪರ್ ಆದವಳು" ಎಂದು ಒಂದೇ ಉಸಿರಿನಲ್ಲಿ ಹೇಳಿ ಎದುರಿನವರ ಮುಖ ನೋಡುತ್ತಿದ್ದರು. ಬಹ್ರೈನಿನಲ್ಲಿ ನಮ್ಮೂರವರು ನಾಲ್ಕು ಜನ ಸೇರಿದಲ್ಲಿ ಸಂಬಳ, ಬಾಡಿಗೆ, ಸಕ್ಕರೆ ಕಾಯಿಲೆ ಎಲ್ಲದರ ಮಾತೂ ಬರುತ್ತದೆ. ಮುಳುಗಿದವರ ಸುದ್ದಿ ಬಂದಾಗ ಮಾತ್ರ ಎಲ್ಲರ ಸ್ವರ ತಗ್ಗುತ್ತದೆ. ಬಾಯಮ್ಮನ ಸ್ವರ ತಗ್ಗುತ್ತಿರಲಿಲ್ಲ. ಅಲ್ಲಿ ರಜೆಯ ದಿನವಾದ ಶುಕ್ರವಾರದ ಪೂಜೆ ಮುಗಿದು ಚರ್ಚಿನ ಅಂಗಳದಲ್ಲಿ ಜನ ನಿಂತಿರುವಾಗಲೂ ಹಾಗೆಯೇ ಹೇಳುತ್ತಿದ್ದರಂತೆ.

"ಎಲ್ರಿಗೂ ಯಾಕೆ ಹೇಳ್ತೀರಿ ಬಾಯಮ್ಮ?" ಎಂದು ನಾನೊಮ್ಮೆ ಕೇಳಿದ್ದೆ.

"ನಾನು ಹೇಳದಿದ್ರೆ ಬೇರೆಯವ್ರು ಹೇಳ್ತಾರೆ ಮಾರಾಯ. ಅವ್ರು ಹೇಳುವಾಗ ಒಂದು ಗೇಣು ಜಾಸ್ತಿ ಇರ್ತದೆ. ನಾನಾದ್ರೆ ಸರಿ ಅಳತೆಯಲ್ಲಿ ಹೇಳ್ತೇನೆ."

ನಾನು ಮೂಲ್ಕಿಯವನು. ಬಹ್ರೈನಿಗೆ ಬಂದ ಹೊಸದರಲ್ಲಿ ಅವರ ಅಂಗಡಿಯಲ್ಲಿ ಕಟ್ಟಿಂಗ್ ಮಾಸ್ಟರ್ ಆಗಿ ಸೇರಿದೆ. ಸಲ್ಮಾನಿಯಾದ ದೊಡ್ಡಾಸ್ಪತ್ರೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಆರು ಮೆಶಿನುಗಳ ಅಂಗಡಿ. ನರ್ಸುಗಳ ಯೂನಿಫಾರ್ಮ್, ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುವುದು ಮುಖ್ಯ ಕೆಲಸ. ಬಾಯಮ್ಮನಿಗೆ ಆಗಲೇ ಐವತ್ತು ದಾಟಿತ್ತು. ಮದುವೆಯಾಗಿರಲಿಲ್ಲ, ಊರಿನಲ್ಲಿದ್ದ ತಂಗಿಯ ಸಂಸಾರವೇ ಅವರ ಸಂಸಾರ. ಗಿಡ್ಡ ಮೈ, ಕುತ್ತಿಗೆಯಲ್ಲಿ ಅಳತೆಯ ಟೇಪು, ರವಿಕೆಯ ಎದೆಗೆ ಚುಚ್ಚಿಕೊಂಡ ನಾಲ್ಕೈದು ಗುಂಡುಸೂಜಿ. ಗಿರಾಕಿ ಬಾಗಿಲು ದೂಡಿ ಒಳಗೆ ಬರುವಷ್ಟರಲ್ಲಿ ಅವರ ಸೊಂಟದ ಅಳತೆ ಬಾಯಮ್ಮನ ಮನಸ್ಸಿನಲ್ಲಿ ಬರೆದಾಗಿರುತ್ತಿತ್ತು. ಟೇಪು ಹಿಡಿಯುತ್ತಿದ್ದದ್ದು ಮರ್ಯಾದೆಗೆ.

ಅವರು ಮುಳುಗಿದ್ದು ಎಂಟುನೂರು ಕೋಟುಗಳಲ್ಲಿ. ಹೊಸದಾಗಿ ತೆರೆಯಲಿದ್ದ ಒಂದು ಹೋಟೆಲಿನವರು ಕೆಲಸಗಾರರಿಗೆಂದು ಕಂದು ಬಣ್ಣದ ಕೋಟು, ಪ್ಯಾಂಟು ಹೊಲಿಯಲು ಹೇಳಿದ್ದರು. ಎದೆಯ ಮೇಲೆ ಹೋಟೆಲಿನ ಮುದ್ರೆಯ ಕಸೂತಿ. ಅಷ್ಟು ದೊಡ್ಡ ಕೆಲಸ ನಮಗೆ ಯಾವತ್ತೂ ಸಿಕ್ಕಿರಲಿಲ್ಲ. ಬಾಯಮ್ಮ ಬಟ್ಟೆಗೆ ಚೆಕ್ ಕೊಟ್ಟರು, ಕಸೂತಿ ಮೆಶಿನಿಗೆ ಬ್ಯಾಂಕಿನಿಂದ ಸಾಲ ತೆಗೆದರು, ಸಾಲದ್ದಕ್ಕೆ ನಾಲ್ಕು ಕ್ರೆಡಿಟ್ ಕಾರ್ಡುಗಳನ್ನು ಉಜ್ಜಿದರು. ಕೋಟುಗಳು ಇಸ್ತ್ರಿಯಾಗಿ ಕಟ್ಟು ಕಟ್ಟಿದ ತಿಂಗಳಿನಲ್ಲೇ ಕೊರೊನಾ ಬಂತು. ಹೋಟೆಲು ತೆರೆಯಲೇ ಇಲ್ಲ. ಅದರ ಮಾಲೀಕನೂ ನಮ್ಮ ಹಾಗೆಯೇ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದ. ಒಂದು ಕಾರ್ಡಿನ ಬಾಕಿಯನ್ನು ಇನ್ನೊಂದು ಕಾರ್ಡಿನಿಂದ ತುಂಬುತ್ತ ಬಾಯಮ್ಮ ಏಳೆಂಟು ತಿಂಗಳು ದೂಡಿದರು. ಆಮೇಲೆ ಚೆಕ್ಕುಗಳು ವಾಪಸು ಬರತೊಡಗಿದವು.

ಆಗ ಅವರ ಪರಿಚಯದವರೊಬ್ಬರು ಅಂಗಡಿಗೆ ಬಂದು, ನಾನು ಕೇಳುವಂತೆಯೇ, "ಕೇಸು ಬೀಳುವ ಮೊದ್ಲು ಟಿಕೆಟ್ ತಗೊಂಡು ಊರಿಗೆ ಹೋಗಿ ಬಿಡಿ ಬಾಯಿ. ಎಷ್ಟು ಜನ ಹೋಗ್ಲಿಲ್ಲ?" ಎಂದರು. ಬಾಯಮ್ಮ ಗುಂಡಿ ಹೊಲಿಯುತ್ತಿದ್ದವರು ತಲೆ ಎತ್ತಲಿಲ್ಲ.

"ಓಡಿದ್ರೆ ಸಾಲ ಇಲ್ಲಿ ಉಳೀತದೆ, ಹೆಸರು ನನ್ನೊಟ್ಟಿಗೇ ಬರ್ತದೆ. ಆ ಹೆಸರು ಹಿಡ್ಕೊಂಡು ತಂಗಿ ಮನೆ ಮೆಟ್ಲು ಹತ್ಲಿಕ್ಕೆ ನನ್ನಿಂದ ಆಗುದಿಲ್ಲ."

ಅವರೇ ವಕೀಲರನ್ನು ಹಿಡಿದು ಕೋರ್ಟಿಗೆ ಹೋಗಿ, ನನ್ನಿಂದ ಕೊಡಲಾಗುವುದಿಲ್ಲ ಎಂದು ಬರೆದುಕೊಟ್ಟರು. ಮೆಶಿನುಗಳು ಹೋದವು, ಅಂಗಡಿಯ ಮುಂಗಡ ಹೋಯಿತು. ಎಂಟುನೂರು ಕೋಟುಗಳ ಕಸೂತಿಯನ್ನು ನಾವಿಬ್ಬರೂ ಕುಳಿತು ಬ್ಲೇಡಿನಿಂದ ಬಿಚ್ಚಿದೆವು. ಕಾರ್ಖಾನೆಗಳೇ ತುಂಬಿದ ಸಲ್ಮಾಬಾದಿನ ಕ್ಯಾಂಟೀನುಗಳವರು ಅವನ್ನು ಸಿಕ್ಕಿದ ಬೆಲೆಗೆ ತೆಗೆದುಕೊಂಡರು. ಬಂದದ್ದನ್ನೆಲ್ಲ ಕೋರ್ಟು ನೇಮಿಸಿದ ಅಧಿಕಾರಿ ಸಾಲ ಕೊಟ್ಟವರಿಗೆ ಹಂಚಿದ. ಅದೆಲ್ಲ ಇತ್ಯರ್ಥವಾಗುವ ತನಕ ಅವರು ದೇಶ ಬಿಡುವ ಹಾಗಿರಲಿಲ್ಲ. ತಂಗಿಯ ಮಗಳ ಮದುವೆ ಆ ನಡುವೆಯೇ ಬಂತು. ವಧುವಿನ ತಲೆಗೆ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರವನ್ನು ಬಾಯಮ್ಮ ಉಮ್ ಅಲ್ ಹಸ್ಸಮ್‌ನ ಒಂದು ಲಾಂಡ್ರಿಯ ಹಿಂಬದಿಯ ಕೋಣೆಯಲ್ಲಿ ನಿಂತು ಫೋನಿನಲ್ಲಿ ನೋಡಿದರು. ಆ ಲಾಂಡ್ರಿಯಲ್ಲಿ ಅವರಿಗೆ ಹರಿದದ್ದನ್ನು ಹೊಲಿಯುವ, ಉದ್ದವಾದದ್ದನ್ನು ಮಡಿಚುವ ಕೆಲಸ ಸಿಕ್ಕಿತ್ತು. ಅದಕ್ಕೂ ಮೊದಲು ಅಂಗಡಿಯಲ್ಲಿ ಕೆಲಸಕ್ಕಿದ್ದ ನಮಗೆ ಐವರಿಗೂ ಅಲ್ಲಿ ಇಲ್ಲಿ ಹೇಳಿ ಕೆಲಸ ಕೊಡಿಸಿದ್ದರು. ನನ್ನನ್ನು ಸಲ್ಮಾಬಾದಿನ ಒಂದು ಯೂನಿಫಾರ್ಮ್ ಕಾರ್ಖಾನೆಗೆ ಸೇರಿಸಿದರು.

ಕೋರ್ಟಿನ ಕೆಲಸ ಮುಗಿದ ಮೇಲೆ, ಒಂದು ರಜೆಯ ದಿನ, ನನ್ನನ್ನು ಕರೆಸಿ ಒಂದು ಕಾಗದ ಮುಂದಿಟ್ಟರು. ಅದು ಅವರ ಸಾಲದ ಚರಿತ್ರೆ. ಯಾರು ಯಾವ ಬ್ಯಾಂಕಿನಲ್ಲಿ ಎಷ್ಟು ತೆಗೆದರು, ಹೇಗೆ ಕಟ್ಟಿದರು ಎಂದು ಬರೆದಿಡುವ ಕಚೇರಿಯೊಂದಿದೆ; ಅಲ್ಲಿಂದ ತರಿಸಿದ್ದರು.

"ಓದು ಮಾರಾಯ. ನನ್ನದು ಬಟ್ಟೆ ಇಂಗ್ಲಿಷ್. ಸ್ಮಾಲ್, ಮೀಡಿಯಂ, ಲಾರ್ಜ್ ಬಿಟ್ರೆ ಮುಂದೆ ಹೋಗುದಿಲ್ಲ."

ಓದಿದೆ. ಕೋರ್ಟಿನಲ್ಲಿ ತೀರಿಹೋದ ಎರಡು ಕಾರ್ಡುಗಳು ಅದರಲ್ಲಿ ಇನ್ನೂ ಬಾಕಿ ಎಂದೇ ಇದ್ದವು. ಬಾಯಮ್ಮ ಕೋರ್ಟಿನ ಕಾಗದದ ಪ್ರತಿ ಹಿಡಿದುಕೊಂಡು ಆ ಎರಡು ಬ್ಯಾಂಕುಗಳಿಗೆ ನಡೆಯತೊಡಗಿದರು. ಇವತ್ತು ಸಾಹೇಬರಿಲ್ಲ, ನಾಳೆ ಬನ್ನಿ, ಅರಬ್ಬಿಯಲ್ಲೂ ಅದೇ ನಾಳೆ, ಬುಕ್ರಾ, ಬುಕ್ರಾ. ಬಾಯಮ್ಮ ಮಧ್ಯಾಹ್ನದ ಬಿಡುವಿನಲ್ಲಿ ಬಿಸಿಲಿಗೆ ಕೊಡೆ ಹಿಡಿದು ಹೋಗಿ, ಕೌಂಟರಿನ ಎದುರಿನ ಕುರ್ಚಿಯಲ್ಲಿ ಜಪಸರ ಹಿಡಿದು ಕೂರುತ್ತಿದ್ದರು. ಜಗಳವಿಲ್ಲ, ಅಳುವಿಲ್ಲ. ಮೂರನೆಯ ತಿಂಗಳು ಆ ಎರಡು ಸಾಲುಗಳು ಸರಿಯಾದವು.

ಮರುವಾರವೇ ಅವರು ಹೊಸ ಕಾರ್ಡಿಗೆ ಅರ್ಜಿ ಹಾಕಿದಾಗ ನನಗೆ ಸಿಟ್ಟು ಬಂತು. ಕೈ ಸುಟ್ಟುಕೊಂಡದ್ದು ಸಾಲದೇ ಎಂದೆ. ಎರಡು ಬ್ಯಾಂಕಿನವರು ಆಗುವುದಿಲ್ಲ ಎಂದರು. ಮೂರನೆಯ ಬ್ಯಾಂಕಿಗೆ ನಾನೂ ಜೊತೆಗೆ ಹೋದೆ. ಅಲ್ಲಿ ಮರಿಯಂ ಎಂಬ ಬಹ್ರೈನಿ ಹುಡುಗಿ ಇದ್ದಳು. ಬಾಯಮ್ಮ ಎಂದಿನಂತೆ ಪಾಪರ್ ಆದದ್ದರಿಂದಲೇ ತಮ್ಮ ಪರಿಚಯ ಶುರು ಮಾಡಿದರು, ತಮ್ಮ ಗಲ್ಫ್ ಹಿಂದಿಯಲ್ಲಿ. ಆಕೆ ನಕ್ಕು, ಕುರ್ಚಿ ಎಳೆದು ಕೂರಿಸಿ, ಒಂದು ದಾರಿ ಹೇಳಿದಳು. ಇನ್ನೂರು ದಿನಾರ್ ಡಿಪಾಸಿಟ್ ಇಟ್ಟರೆ ಅಷ್ಟೇ ಮಿತಿಯ ಒಂದು ಕಾರ್ಡು ಕೊಡುತ್ತಾರೆ. ಕಟ್ಟದಿದ್ದರೆ ಡಿಪಾಸಿಟ್ಟಿನಿಂದ ಮುರಿದುಕೊಳ್ಳುತ್ತಾರೆ. ತಿಂಗಳು ತಿಂಗಳು ಸರಿಯಾಗಿ ಕಟ್ಟಿದ್ದು ಆ ಚರಿತ್ರೆಯ ಕಾಗದದಲ್ಲಿ ಏರುತ್ತ ಹೋಗುತ್ತದೆ.

"ನಮ್ಮದೇ ದುಡ್ಡು ಅವರಿಗೆ ಕೊಟ್ಟು, ಅದನ್ನೇ ನಾವು ಸಾಲ ತಗೊಳ್ಳುದಾ? ನಿಮ್ಮನ್ನು ಮಂಗ ಮಾಡ್ತಿದ್ದಾರೆ ಬಾಯಮ್ಮ" ಎಂದೆ, ಹೊರಗೆ ಬಂದ ಮೇಲೆ.

"ದುಡ್ಡಿಗೆ ಅಲ್ಲ ಮಾರಾಯ. ಹೇಳಿದ ದಿನಕ್ಕೆ ನಾನು ಕೊಡ್ತೇನಾ ಇಲ್ವಾ ಅಂತ ಯಾರಾದ್ರೂ ನೋಡ್ಬೇಕಲ್ಲ? ನೋಡುವವರಿಗೆ ಕೂಲಿ ಅಂತ ತಿಳ್ಕೋ."

ಆ ಕಾರ್ಡಿನಿಂದ ಅವರು ಕೊಳ್ಳುತ್ತಿದ್ದದ್ದು ಎರಡೇ: ಫೋನಿನ ರೀಚಾರ್ಜು ಮತ್ತು ನೂಲು. ಹದಿನೈದು ಇಪ್ಪತ್ತು ದಿನಾರಿನ ಮೇಲೆ ಹೋಗುತ್ತಿರಲಿಲ್ಲ. ಬಿಲ್ಲು ಬಂದ ಮರುದಿನ ಬ್ಯಾಂಕಿನ ಹೊರಗಿನ ಮೆಶಿನಿಗೆ ನಗದು ತುಂಬಿ ಪೂರ್ತಿ ಕಟ್ಟಿ, ಚೀಟಿಯನ್ನು ಬೈಬಲಿನ ನಡುವೆ ಇಟ್ಟುಕೊಳ್ಳುತ್ತಿದ್ದರು. ಫೋನಿನಲ್ಲೇ ಕಟ್ಟಬಹುದು ಎಂದರೆ, "ಕೊಟ್ಟದ್ದು ಕೈಗೆ ಗೊತ್ತಾಗ್ಬೇಕು" ಎನ್ನುತ್ತಿದ್ದರು.

ಹನ್ನೊಂದು ತಿಂಗಳು ಹೀಗೆ ನಡೆಯಿತು. ಒಂದು ವರ್ಷ ಸರಿಯಾದರೆ ಡಿಪಾಸಿಟ್ ಇಲ್ಲದ ಕಾರ್ಡಿಗೆ ತಾನೇ ಬರೆಯುತ್ತೇನೆ ಎಂದು ಮರಿಯಂ ಮಾತು ಕೊಟ್ಟಿದ್ದಳು. ಹನ್ನೆರಡನೆಯ ಬಿಲ್ಲು ಬಂದ ದಿನವೇ ಬಾಯಮ್ಮ ಲಾಂಡ್ರಿಯಲ್ಲಿ ಹೊಟ್ಟೆ ಹಿಡಿದು ಕುಸಿದರು. ಪಿತ್ತಕೋಶದಲ್ಲಿ ಕಲ್ಲು, ಜೊತೆಗೆ ಸೋಂಕು. ಸಲ್ಮಾನಿಯಾದ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಆಯಿತು, ಜ್ವರ ಬಿಡಲಿಲ್ಲ, ಎರಡು ವಾರ ಎಚ್ಚರ ಮಂಪರುಗಳ ನಡುವೆ ಮಲಗಿದ್ದರು. ಆ ವಾರ್ಡಿನ ಮಲಯಾಳಿ, ಮಂಗಳೂರು ನರ್ಸುಗಳಲ್ಲಿ ಕೆಲವರು ಬಾಯಮ್ಮ ಹೊಲಿದ ಅಂಗಿಗಳಲ್ಲೇ ಓಡಾಡುತ್ತಿದ್ದರು. "ನಮ್ಮ ಟೈಲರ್ ಆಂಟಿ" ಎಂದು ಪಾಳಿ ಮುಗಿದ ಮೇಲೂ ಬಂದು ನೋಡಿ ಹೋಗುತ್ತಿದ್ದರು.

ಒಂದು ಮಧ್ಯಾಹ್ನ ನಾನು ಹೋದಾಗ ಜ್ವರ ಇಳಿದಿತ್ತು. ಕಣ್ಣು ಬಿಟ್ಟು ನನ್ನನ್ನು ಗುರುತಿಸಿದ ಬಾಯಮ್ಮ ಮೊದಲು ಕೇಳಿದ್ದು, "ಇವತ್ತು ತಾರೀಕು ಎಷ್ಟು?"

ಹೇಳಿದೆ. ಅವರ ಮುಖದ ಬಣ್ಣವೇ ಇಳಿಯಿತು.

"ಕೊನೆ ದಿನ ಇವತ್ತೇ. ಹೋಗು. ಬೈಬಲಿನಲ್ಲಿ ಹಳೇ ಚೀಟಿ ಉಂಟು, ನಂಬರ್ ಅದರಲ್ಲುಂಟು. ದುಡ್ಡು ಹೊಲಿಗೆ ಡಬ್ಬಿಯಲ್ಲಿ. ಓಡು ಮಾರಾಯ!"

"ಒಂದು ದಿನ ತಡವಾದ್ರೆ ಎಂತಾಗ್ತದೆ ಬಾಯಮ್ಮ? ಆಸ್ಪತ್ರೆ ಚೀಟಿ ತೋರಿಸುವ."

"ಕೋಟಿನ ಸಾಲ ಕಟ್ಟದೆ ಹೋದದ್ದಕ್ಕೂ ನನ್ನ ಹತ್ರ ಕಾರಣ ಇತ್ತು ದಿನೇಶ. ಕಾರಣ ಯಾರೂ ಬರ್ಕೊಳ್ಳುದಿಲ್ಲ."

ಓಡಿದೆ. ಅವರ ಕೋಣೆಯ ಜೊತೆಗಾತಿಯಿಂದ ಬೀಗದ ಕೈ ಇಸಿದುಕೊಂಡು, ಚೀಟಿ ಹುಡುಕಿ, ದುಡ್ಡು ತೆಗೆದು, ಬ್ಯಾಂಕಿಗೆ ಹೋದರೆ ಮೆಶಿನಿನ ಮೇಲೆ ಕೆಟ್ಟಿದೆ ಎಂಬ ಬೋರ್ಡು. ಟ್ಯಾಕ್ಸಿ ಹಿಡಿದು ಇನ್ನೊಂದು ಶಾಖೆಗೆ ಹೋದೆ. ಅಲ್ಲಿ ಒಂದು ಮಡಿಕೆ ಬಿದ್ದ ನೋಟನ್ನು ಮೆಶಿನು ಮೂರು ಸಲ ಉಗುಳಿತು. ನನ್ನ ಜೇಬಿನ ಹೊಸ ನೋಟನ್ನು ಇಟ್ಟೆ. ನುಂಗಿತು. ಕಟ್ಟಿದ ಮೊತ್ತ ಹದಿನಾಲ್ಕು ದಿನಾರ್. ಟ್ಯಾಕ್ಸಿಗೆ ಆರು ಆಗಿತ್ತು.

ಚೀಟಿ ಹಿಡಿದುಕೊಂಡು ನಿಂತಾಗ ನನಗೆ ನನ್ನದೇ ಎರಡು ಕಾರ್ಡುಗಳ ನೆನಪಾಯಿತು. ಅಕ್ಕನ ಮನೆ ರಿಪೇರಿ, ಫೋನು, ಟಿಕೆಟ್ಟು ಎಂದು ತೆಗೆದ ಸಾಲಕ್ಕೆ ನಾಲ್ಕು ವರ್ಷಗಳಿಂದ ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತಿದ್ದೆ, ಅಸಲು ಅಲ್ಲಾಡದೆ ಕುಳಿತಿತ್ತು. ಕೈಬಿಟ್ಟು ಊರಿಗೆ ಹೋಗಿಬಿಡುವುದೆಂದು ಮನಸ್ಸಿನಲ್ಲೇ ಎಣಿಸಿದ್ದೆ, ಯಾರಿಗೂ ಹೇಳಿರಲಿಲ್ಲ. ಆಸ್ಪತ್ರೆಗೆ ಮರಳಿ ಬಾಯಮ್ಮನ ಕೈಗೆ ಚೀಟಿ ಕೊಟ್ಟು, ಅದನ್ನು ಹೇಳಿಬಿಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಬೈಯಲಿಲ್ಲ.

"ಎರಡರಲ್ಲಿ ಬಡ್ಡಿ ಯಾವುದಕ್ಕೆ ಜಾಸ್ತಿ?" ಎಂದರು.

ಗೊತ್ತಿರಲಿಲ್ಲ.

"ನೋಡ್ಕೊಂಡು ಬಾ. ಅದನ್ನು ಮೊದ್ಲು ಮುಗಿಸುವ."

ಮುಗಿಸುವ ಎಂದರು, ಮುಗಿಸು ಎನ್ನಲಿಲ್ಲ. ಆ ಒಂದು ಮಾತಿನ ಬಲದಲ್ಲಿ ನಾನು ಒಂದೂವರೆ ವರ್ಷ ಓವರ್‌ಟೈಮ್ ಮಾಡಿ ಎರಡನ್ನೂ ತೀರಿಸಿದೆ. ಪ್ರತಿ ತಿಂಗಳೂ ಲಾಂಡ್ರಿಗೆ ಹೋಗಿ ಅವರಿಗೆ ಚೀಟಿ ತೋರಿಸಬೇಕಿತ್ತು. ತೋರಿಸಿದರೆ ಚಾ ಸಿಗುತ್ತಿತ್ತು.

ಬಾಯಮ್ಮ ಆಸ್ಪತ್ರೆಯಿಂದ ಬಂದ ಎರಡು ತಿಂಗಳಿಗೆ ಡಿಪಾಸಿಟ್ ಇಲ್ಲದ ಕಾರ್ಡು ಬಂತು. ಮರಿಯಂಗೆ ಅವರು ಅಲ್ಲಿನ ಹೆಂಗಸರು ತೊಡುವ ಕಪ್ಪು ನಿಲುವಂಗಿ, ಒಂದು ಅಬಾಯಾ ಹೊಲಿದುಕೊಟ್ಟರು. ಆಕೆ ಹೊಲಿಗೆಯ ಮಜೂರಿ ಕೊಟ್ಟೇ ತೆಗೆದುಕೊಂಡಳು. ಆಮೇಲೊಂದು ದಿನ ಮಾಲಿನಲ್ಲಿ ಮೇಜು ಹಾಕಿಕೊಂಡು ಕಾರ್ಡು ಮಾರುತ್ತಿದ್ದವನೊಬ್ಬ "ಮೇಡಂ, ಫ್ರೀ, ಫ್ರೀ" ಎಂದು ನಮ್ಮ ಹಿಂದೆ ಬಿದ್ದ. ಬಾಯಮ್ಮ ನಿಂತು, ನಾನು ಪಾಪರ್ ಆದವಳು ಎಂದು ಹಿಂದಿಯಲ್ಲಿ ಹೇಳಿದರು. ಅವನು ಎರಡು ಹೆಜ್ಜೆ ಹಿಂದೆ ಸರಿದ. ಬಾಯಮ್ಮ ಎಸ್ಕಲೇಟರಿನಲ್ಲಿ ಕೆಳಗೆ ಬರುವವರೆಗೂ ನಗುತ್ತಿದ್ದರು. "ನಾಲ್ಕು ಇದ್ದಾಗ ಒಂದು ಇನ್ನೊಂದಕ್ಕೆ ಊಟ ಹಾಕ್ತಿತ್ತು. ಈಗ ಒಂದೇ. ಅದಕ್ಕೆ ನಾನೇ ಊಟ ಹಾಕ್ತೇನೆ."

ಎರಡು ವರ್ಷ ಕಳೆದ ಮೇಲೆ ಅದೇ ಬ್ಯಾಂಕು ಎರಡು ಮೆಶಿನುಗಳಿಗೆ ಸಾಲ ಕೊಟ್ಟಿತು. ಲಾಂಡ್ರಿಯ ಮಾಲೀಕ ತನ್ನ ಪಕ್ಕದ ಖಾಲಿ ಮಳಿಗೆಯನ್ನು ಬಿಟ್ಟುಕೊಟ್ಟ. ಬಾಯಮ್ಮ ಸಲ್ಮಾಬಾದಿಗೆ ಬಂದು, ಕಾರ್ಖಾನೆಯ ಗೇಟಿನಲ್ಲಿ ನಿಂತು ನನ್ನನ್ನು ಕರೆದರು. "ಸಂಬಳ ಇಲ್ಲಿಯಷ್ಟು ಕೊಡ್ಲಿಕ್ಕೆ ಆಗ್ಲಿಕ್ಕಿಲ್ಲ. ಆದ್ರೆ ತಾರೀಕಿಗೆ ಕೊಡ್ತೇನೆ. ಬರ್ತಿಯಾ?" ಎಂದರು. ನಾನು ಯೋಚನೆ ಮಾಡಲು ಒಂದು ದಿನವನ್ನೂ ಕೇಳಲಿಲ್ಲ. ಬಾಗಿಲು ತೆರೆದ ವಾರವೇ ವಾರ್ಡಿನ ನರ್ಸುಗಳು ಗುಂಪಾಗಿ ಬಂದರು.

ಕಳೆದ ವರ್ಷ ಅವರು ಊರಿಗೆ ಹೊರಟರು. ಮೆಶಿನಿನ ಸಾಲ ಮುಗಿದಿತ್ತು. ಮೊಣಕಾಲು ಪೆಡಲಿಗೆ ಒಗ್ಗುತ್ತಿರಲಿಲ್ಲ. ಅಂಗಡಿಯ ಕಾಗದಗಳನ್ನೆಲ್ಲ ಒಂದೊಂದಾಗಿ ನನ್ನ ಕಡೆಗೆ ಮಾಡಿಸಿದರು. ವಿಮಾನ ನಿಲ್ದಾಣದಲ್ಲಿ ನಾನು ಏನೇನೋ ಹೇಳಬೇಕೆಂದುಕೊಂಡಿದ್ದೆ. ಅವರು ನನ್ನ ಅಂಗಿಯ ಕಾಲರನ್ನು ಹಿಡಿದು ಒಳಬದಿಯ ಹೊಲಿಗೆ ನೋಡಿ, "ಯಾರು ಹೊಲಿದದ್ದು ಇದು? ರೆಡಿಮೇಡಾ? ನಾಚಿಕೆ ಆಗುದಿಲ್ವಾ ನಿನಗೆ?" ಎಂದು ಬೈದು, ಟ್ರಾಲಿ ದೂಡಿಕೊಂಡು ಹೊರಟುಹೋದರು. ನಾನು ಅವರನ್ನು ಕಡೆಯ ಬಾರಿ ನೋಡಿದ್ದು ಅದೇ.

ಕಳೆದ ತಿಂಗಳು ಅವರ ಫೋನು ಬಂತು. ಹಿಂದೆ ಬಸ್ಸುಗಳ ಹಾರ್ನು.

"ದಿನೇಶ, ಬ್ಯಾಂಕಿಗೆ ಹೋಗಿದ್ದೆ ಮಾರಾಯ. ಸಾಲದ ಚರಿತ್ರೆ ನೋಡ್ಲಿಕ್ಕೆ ನನ್ನ ಹೆಸರು ಕಂಪ್ಯೂಟರಿಗೆ ಹೊಡೆದ್ರು. ಎಂತದೂ ಇಲ್ಲ! ಒಳ್ಳೇದೂ ಇಲ್ಲ, ಕೆಟ್ಟದ್ದೂ ಇಲ್ಲ. ಮೂವತ್ತು ವರ್ಷ ನಾನು ಇಲ್ಲಿ ಇರ್ಲೇ ಇಲ್ಲ ಅಲ್ವಾ, ಇವರ ಲೆಕ್ಕದಲ್ಲಿ ನಾನು ಹುಟ್ಟಿಯೇ ಇಲ್ಲ."

ನನಗೆ ಸಂಕಟವಾಯಿತು. ಬಿಸಿಲಿನಲ್ಲಿ ನಡೆದದ್ದು, ಬೈಬಲಿನ ತುಂಬ ಕೂಡಿಟ್ಟ ಚೀಟಿಗಳು, ಯಾವುದೂ ಸಮುದ್ರ ದಾಟಲಿಲ್ಲವಲ್ಲ ಎಂದೆ.

"ಬೇಜಾರು ಎಂತದಕ್ಕೆ? ಅಲ್ಲಿ ನಾನು ಸೊನ್ನೆಗಿಂತ ಎಷ್ಟು ಕೆಳಗೆ ಇದ್ದೆ ಗೊತ್ತುಂಟಲ್ಲ ನಿನಗೆ. ಇಲ್ಲಿ ಪುಕ್ಕಟೆ ಸೊನ್ನೆಯಲ್ಲಿ ನಿಲ್ಲಿಸಿದ್ದಾರೆ! ಹದಿನೈದು ಸಾವಿರ ಡಿಪಾಸಿಟ್ ಇಟ್ಟು ಒಂದು ಕಾರ್ಡಿಗೆ ಬರ್ದು ಬಂದೆ. ಬ್ಯಾಂಕಿನವ ಕೇಳ್ತಾನೆ, ಅಮ್ಮ, ಈ ಪ್ರಾಯದಲ್ಲಿ ನಿಮಗೆ ಕಾರ್ಡ್ ಎಂತಕ್ಕೆ ಅಂತ."

"ನೀವೆಂತ ಹೇಳಿದ್ರಿ?"

"ಮೂರು ವರ್ಷದಲ್ಲಿ ನಾಲ್ಕು ಮೆಶಿನ್ ಹಾಕ್ಲಿಕ್ಕೆ ಉಂಟು ಅಂದೆ. ಈ ಮೊಣಕಾಲಿಗೆ ಪೆಡಲ್ ಆಗುದಿಲ್ಲ, ಆದ್ರೆ ಕಲಿಸ್ಲಿಕ್ಕೆ ಬಾಯಿ ಉಂಟಲ್ಲ. ತಂಗಿ ಮಗಳು, ಅವಳ ಗೆಳತಿಯರು ಕೂರ್ತಾರೆ. ಬಸ್ಸು ಬಂತು, ಇಡ್ತೇನೆ."

ಬಾಗಿಲ ಬಳಿಯ ಅವರ ಮೆಶಿನಿಗೆ, ಅವರು ಹೋದಂದಿನಿಂದ ಬಟ್ಟೆ ಮುಚ್ಚಿಟ್ಟು, ಅಲ್ಲಿ ಯಾರನ್ನೂ ಕೂರಲು ಬಿಟ್ಟಿರಲಿಲ್ಲ. ಫೋನು ಇಟ್ಟು ಎದ್ದು ಆ ಬಟ್ಟೆ ತೆಗೆದೆ, ಧೂಳು ಒರೆಸಿ ಎಣ್ಣೆ ಬಿಟ್ಟೆ. ಹಿಂದಿನ ವಾರ ಕೆಲಸಕ್ಕೆ ಸೇರಿ, ಅಲ್ಲಿಯವರೆಗೆ ಸ್ಟೂಲಿನ ಮೇಲೆ ಕುಳಿತು ಬರೀ ಗುಂಡಿ ಹಾಕುತ್ತಿದ್ದ ಉಡುಪಿಯ ಹೆಂಗಸನ್ನು ಕರೆದು, ಇನ್ನು ಇಲ್ಲಿ ಕೂತುಕೊಳ್ಳಿ ಅಕ್ಕ ಎಂದೆ.