ಸೊಪ್ಪು ತೊಳೆಯುವವರು ಯಾರು?

ಡಯಟಿಷಿಯನ್ ಆಗಿ ಕೆಲಸಕ್ಕೆ ಸೇರಿದ ಎರಡನೆಯ ಮಳೆಗಾಲ ಅದು. ಬಳ್ಳಾರಿಯಲ್ಲಿ ನನ್ನ ಬಾಡಿಗೆ ಕೋಣೆ. ವಾರದಲ್ಲಿ ಮೂರು ದಿನ ಸಿರುಗುಪ್ಪದ ಆಸ್ಪತ್ರೆ, ಎರಡು ದಿನ ಕುರುಗೋಡಿನದು. ಗರ್ಭಿಣಿಯರಿಗೆ ಏನು ಉಣ್ಣಬೇಕೆಂದು ಹೇಳುವುದು ನನ್ನ ಕೆಲಸ. ಮಳೆಗಾಲದ ಮಾತುಗಳು ಬಾಯಿಪಾಠವಾಗಿದ್ದವು: ನೀರು ಕುದಿಸಿ ಕುಡಿಯಿರಿ, ಸೊಪ್ಪನ್ನು ಉಪ್ಪುನೀರಿನಲ್ಲಿ ನೆನೆಸಿ ಎರಡು ಮೂರು ಸಲ ತೊಳೆಯಿರಿ, ಹೊತ್ತು ಹೊತ್ತಿಗೆ ಬಿಸಿಯಾಗಿ ಮಾಡಿ ಉಣ್ಣಿ, ತಂಗಳು ಬೇಡ. ಸಂಜೆಯಾಗುವಷ್ಟರಲ್ಲಿ ನನ್ನ ಧ್ವನಿ ನನಗೇ ಸಾಕಾಗಿರುತ್ತಿತ್ತು.

ಕುರುಗೋಡಿನಲ್ಲಿ ಸುಧಾ ಎಂಬ ಶಿಕ್ಷಕಿ ಬರುತ್ತಿದ್ದರು. ಐದು ತಿಂಗಳ ಗರ್ಭಿಣಿ. ರಕ್ತದಲ್ಲಿ ಆಮ್ಲಜನಕ ಒಯ್ಯುವ ಹಿಮೋಗ್ಲೋಬಿನ್ ಗರ್ಭಿಣಿಗೆ ಹನ್ನೊಂದಾದರೂ ಇರಬೇಕು, ಅವರಿಗೆ 8.6 ಇತ್ತು. ಮಾತ್ರೆ ನುಂಗುತ್ತಿದ್ದರೂ ಮುಂದಿನ ಸಲ 8.2ಕ್ಕೆ ಇಳಿಯಿತು. ಇನ್ನೂ ಇಳಿದರೆ ರಕ್ತ ಕೊಡಿಸಬೇಕಾದೀತು, ಮಗುವಿಗೂ ಅಪಾಯ ಎಂದು ಡಾಕ್ಟರು ಎಚ್ಚರಿಸಿದರು. ಸೊಪ್ಪು ತಿನ್ನುತ್ತೀರಾ ಎಂದು ಕೇಳಿದೆ. ಸುಧಾ ತಲೆ ತಗ್ಗಿಸಿದರು. "ಮನ್ಯಾಗ ಶಾಕವ್ರತ ರೀ."

ವೈಷ್ಣವ ಮನೆಗಳಲ್ಲಿ ಚಾತುರ್ಮಾಸ್ಯದ ಮೊದಲ ತಿಂಗಳು ಸೊಪ್ಪು, ತರಕಾರಿ, ಹುಣಸೆ, ಮೆಣಸಿನಕಾಯಿ ಬಿಡುತ್ತಾರೆ. ಇದು ಅತ್ತೆಯ ಕಟ್ಟುನಿಟ್ಟೇ ಇರಬೇಕು ಅಂದುಕೊಂಡು ಅತ್ತೆಯನ್ನೂ ಗಂಡನನ್ನೂ ಕರೆಸಿದೆ.

ನನ್ನ ಮಾತು ಮುಗಿಯುವ ಮೊದಲೇ ಅತ್ತೆ ಸಿಡಿದರು. "ಬಸುರಿಗೆ ಎಲ್ಲೀ ವ್ರತವ್ವಾ? ಉಣ್ಣು ಅಂತ ನಾನೇ ಹೇಳೀನಿ. ಬೇಕಾದ್ರ ಆಕಿನ್ನ ಕೇಳು."

ಸುಧಾ ಮೆಲ್ಲಗೆ ಹೇಳಿದರು: "ಬ್ಯಾಡ ಅಂತ ಯಾರೂ ಅಂದಿಲ್ರಿ. ನಸುಕಿನಾಗ ಎದ್ದು ವ್ರತದ ಅಡಿಗಿ ಮಾಡಿಟ್ಟು ಸಾಲಿಗೆ ಹೋಗ್ತೀನಿ. ಮಳ್ಯಾಗ ಮಡಿ ಸೀರಿ ಒಣಗೂದಿಲ್ಲ, ಹಸೀದನ್ನೇ ಉಟ್ಕೋತೀನಿ. ಮತ್ತ ನನಗೊಬ್ಬಾಕಿಗೆ ಬ್ಯಾರೆ ಪಾತ್ರಿ ಇಟ್ಟು, ಕೆಸರ ಸೊಪ್ಪು ಸೋಸಿ, ಮೂರು ಸಲ ತೊಳದು, ಬಿಸಿ ಬಿಸಿ ಮಾಡು ಅಂತೀರಿ. ಯಾರು ಮಾಡಬೇಕ್ರಿ?"

ನಾನು ಹೇಳಿದ ಒಂದೊಂದು ಮಾತೂ ಆಕೆಗೆ ಒಂದೊಂದು ಕೆಲಸವಾಗಿತ್ತು. ಗಂಡನ ಕಡೆ ನೋಡಿದೆ.

"ನಾನೂ ವ್ರತ ಹಿಡದೀನಿ ಮೇಡಂ. ಸೊಪ್ಪು ಮುಟ್ಟೂದು ಹೆಂಗ?" ಎಂದರು ಅವರು.

"ವ್ರತ ನಾಲಿಗಿಗಪಾ, ಕೈಗಲ್ಲ!" ಎಂದರು ತಾಯಿ. "ದಿನಾ ಆ ಫೋನ್ ತಿಕ್ಕತೀಯಲ್ಲ, ಅದರ ಬದಲು ಸೊಪ್ಪು ತೊಳಿ. ಹಿತ್ತಲದ ತಗಡಿನ ಕೆಳಗ ಬ್ಯಾರೆ ಒಲಿ ಇಡು."

ಸುಧಾ ಸೆರಗು ಬಾಯಿಗಿಟ್ಟು ನಕ್ಕರು. ಅವರು ನಕ್ಕದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಸುಧಾ ಮುಂದಿನ ಸಲ ಬಂದಾಗ, "ಅವರು ತೊಳದ ಸೊಪ್ಪಿನಾಗ ಉಸುಕು ಕಚಕಚ ಅಂತದ್ರಿ, ಆದ್ರೂ ಉಣ್ತೀನಿ" ಎಂದರು. ಹಿಮೋಗ್ಲೋಬಿನ್ ಇಳಿಯುವುದು ನಿಂತಿತ್ತು. ವ್ರತದ ತಿಂಗಳು ಮುಗಿದ ಮೇಲೂ ಹಿತ್ತಲ ಒಲೆ ಗಂಡನ ಕೈಯಲ್ಲೇ ಉಳಿಯಿತು. ಹೆರಿಗೆಯ ಹೊತ್ತಿಗೆ 10.1. ಹನ್ನೊಂದು ಮುಟ್ಟಲಿಲ್ಲ, ಆದರೆ ರಕ್ತ ಕೊಡಿಸುವ ಪ್ರಸಂಗ ಬರಲಿಲ್ಲ. ಮಗು ಗಟ್ಟಿಯಾಗಿತ್ತು.

ಏನು ಉಣ್ಣಬೇಕು ಎನ್ನುವುದನ್ನು ಓದಿ ಕಲಿತಿದ್ದೆ. ಯಾರು ಮಾಡಿ ಬಡಿಸಬೇಕು ಎಂದು ಮೊದಲು ಕೇಳುವುದನ್ನು ಕೆಲಸ ಕಲಿಸಿತು. ಕೇಳಿದರೂ ಬಹಳ ಸಲ ಉತ್ತರ ಒಂದೇ. ಈ ಮಳೆಗಾಲ ಸಿರುಗುಪ್ಪದಲ್ಲಿ, ಭತ್ತದ ನಾಟಿ ಮುಗಿಸಿ ಕೆಸರುಗಾಲಲ್ಲೇ ಬಂದ ಗರ್ಭಿಣಿಯೊಬ್ಬಳು, "ಯಾರಂದ್ರ? ನಾನೇ ಅದೀನಲ್ರಿ" ಎಂದಳು. ನಾಳೆ ಗಂಡನನ್ನು ಕರೆದುಕೊಂಡು ಬಾ ಎಂದೆ.

"ಯಾಕ್ರಿ? ಅಂವೇನು ಬಸುರಾಗ್ಯಾನೇನು?"

ನಗು ಬಂತು. "ಇಲ್ಲವ್ವ. ಸೊಪ್ಪು ತೊಳೆಯೋದು ಹೇಳಿಕೊಡಬೇಕು."