ಬೆಲ್ಟು ಹಾಕಿದರೂ ನಿಲ್ಲದ ಸದ್ದು

ಸುರಪುರದ ನಮ್ಮ ಓಣಿಯಲ್ಲಿ ಕಾರು ಓಡಿಸಿದ ಮೊದಲ ಹೆಂಗಸು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ನಾನು ಪಾಠ ಮಾಡುವ ಶಾಲೆಗೆ ಬೇಸಿಗೆ ರಜೆ ಬಿಟ್ಟಾಗ ದಿನಾ ಬೆಳಗಿನ ಬಸ್ಸು ಹಿಡಿದು ಶಹಾಪುರಕ್ಕೆ ಹೋಗಿ ಡ್ರೈವಿಂಗ್ ಕಲಿತೆ. ಲೈಸೆನ್ಸ್ ಕೈಗೆ ಬಂದ ಮೇಲೆ ಹಳೆಯ ಕಾರೊಂದನ್ನು ಕೊಂಡೆ. ಮೊದಲು ಅದು ದೇವಾಪುರದ ಕಡೆಯ ರೈತರೊಬ್ಬರ ಹತ್ತಿರ ಇತ್ತು. ಹೊಲಕ್ಕೂ ಅದೇ, ಮಾರ್ಕೆಟ್ಟಿಗೂ ಅದೇ.

ಎಂಜಿನ್ನು ಚೆನ್ನಾಗಿತ್ತು. ತೊಂದರೆ ಒಂದೇ. ನಾನು ಸೀಟ್ ಬೆಲ್ಟ್ ಹಾಕಿಕೊಂಡಿದ್ದರೂ ಹಾಕಿಲ್ಲವೆಂದೇ ಗಾಡಿ ತಿಳಿಯುತ್ತಿತ್ತು. ಸ್ವಲ್ಪ ವೇಗ ಹಿಡಿದ ಕೂಡಲೇ ಟಿಣ್ ಟಿಣ್ ಎಂದು ಶುರು. ಬಿಚ್ಚಿ ಮತ್ತೆ ಸಿಕ್ಕಿಸಿದರೆ ಒಂದೊಂದು ಸಲ ಸುಮ್ಮನಾಗುವುದು, ರಸ್ತೆಯ ಗುಂಡಿಯಲ್ಲಿ ಇಳಿದು ಎದ್ದರೆ ಮತ್ತೆ ಅದೇ ರಾಗ.

"ನಿನಗ ಬೆಲ್ಟ್ ಹಾಕಾಕ ಬರವಲ್ದು ನೋಡು," ಎಂದು ಪಕ್ಕದಲ್ಲಿ ಕೂತ ಗಂಡ ನಗುತ್ತಿದ್ದರು. ಆ ನಗು ನನಗೆ ಚುಚ್ಚುತ್ತಿತ್ತು.

ಊರಿನ ಮೆಕ್ಯಾನಿಕ್ಕನಿಗೆ ತೋರಿಸಿದೆ. ಅವನು ಒಳಗೆ ಬಗ್ಗಿಯೂ ನೋಡಲಿಲ್ಲ.

"ಇದಕ್ಕ್ಯಾಕ ತಲಿ ಕೆಡಿಸ್ಕೋತೀರಿ ಟೀಚರ್. ವಾಯರ್ ಕಟ್ ಮಾಡಿದ್ರ ಮುಗೀತು. ಎಲ್ಲಾರೂ ಹಂಗ ಮಾಡ್ತಾರ."

"ಸದ್ದು ಮುಚ್ಚೂದು ಬ್ಯಾಡ್ರಿ. ಅದು ಯಾಕ ಬರಾಕತ್ತೈತಿ, ಅದನ್ನ ನೋಡ್ರಿ."

"ಹಂಗಾದ್ರ ಯಾದಗಿರಿಗೇ ಹೋಗ್ರಿ," ಎಂದು ಅವನು ಇನ್ನೊಂದು ಗಾಡಿಯ ಕಡೆ ನಡೆದ.

ಯಾದಗಿರಿಗೆ ಹೋಗುವ ಕೆಲಸ ಹೇಗೂ ಇತ್ತು. ಅತ್ತೆಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು, ಡಾಕ್ಟರು ಮತ್ತೊಮ್ಮೆ ನೋಡಬೇಕೆಂದಿದ್ದರು. ಗಂಡನಿಗೆ ಆಫೀಸಿನಿಂದ ರಜೆ ಸಿಗಲಿಲ್ಲ. ಬಸ್ಸಿಗೆ ಹೋಗೋಣವೇ ಎಂದರೆ ಅತ್ತೆ ಒಪ್ಪಲಿಲ್ಲ. "ನೀ ಗಾಡಿ ಬಿಡ್ತಿ, ನಾ ಕುಂದರ್ತೇನಿ. ಇನ್ನ್ಯಾರು ಬೇಕು?" ಎಂದು ಕಪ್ಪು ಕನ್ನಡಕ ಏರಿಸಿಕೊಂಡು ಮುಂದಿನ ಸೀಟಿನಲ್ಲಿ ಕೂತೇ ಬಿಟ್ಟರು. ಬೆಲ್ಟು ಹಾಕಿದಾಗ ಮಾತ್ರ, "ದನಾ ಕಟ್ಟಿದಂಗ ಕಟ್ಟೀಯಲ್ಲವಾ," ಎಂದರು.

ಊರು ದಾಟುತ್ತಲೇ ಸದ್ದು ಶುರುವಾಯಿತು. ಅತ್ತೆ ಅದು ತಮ್ಮದೇ ತಪ್ಪೆಂದು ತಿಳಿದರು. ಸೀರೆ ಸರಿಮಾಡಿಕೊಂಡು ನೆಟ್ಟಗೆ ಕೂತರು. ನಿಲ್ಲಲಿಲ್ಲ. ಬೆಲ್ಟು ಬಿಚ್ಚಿ, ಜೋರಾಗಿ ಒತ್ತಿ ಮತ್ತೆ ಹಾಕಿಕೊಂಡರು. "ಈಗ ಸರಿ ಆತೇನು?" ಎಂದು ಕೇಳಿದರು. ನಿಲ್ಲಲಿಲ್ಲ. ಮತ್ತೆ ಬಿಚ್ಚಿ ಹಾಕಿದರು.

ಆಗ ನನ್ನ ಕಿವಿಗೆ ಒಂದು ವ್ಯತ್ಯಾಸ ಬಿತ್ತು. ಅವರ ಬೆಲ್ಟು ಕೂತಾಗ 'ಟಕ್' ಎಂದು ಗಟ್ಟಿಯಾಗಿ ಕೇಳುತ್ತಿತ್ತು. ನನ್ನದು ಎಂದೂ ಹಾಗೆ ಕೇಳಿದ್ದಿಲ್ಲ.

ಹತ್ತಿಗೂಡೂರು ದಾಟಿ ಬೇವಿನ ನೆರಳಿನಲ್ಲಿ ಗಾಡಿ ನಿಲ್ಲಿಸಿದೆ. ಎರಡೂ ಬೆಲ್ಟುಗಳನ್ನು ಒಂದಾದ ಮೇಲೊಂದು ಸಿಕ್ಕಿಸಿ ಕೇಳಿದೆ. ಅನುಮಾನ ಉಳಿಯಲಿಲ್ಲ. ನನ್ನದು ಪೂರ್ತಿ ಒಳಗೆ ಇಳಿಯುತ್ತಿರಲಿಲ್ಲ. ಅತ್ತೆಯ ಕೈಗೆ ಮೊಬೈಲ್ ಕೊಟ್ಟು ಟಾರ್ಚ್ ಹಿಡಿಯಲು ಹೇಳಿದೆ. ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ, ಬೆಲ್ಟಿನ ನಾಲಿಗೆ ಕೂರುವ ಸಂದಿಯೊಳಗೆ ಮೆಲ್ಲಗೆ ಆಡಿಸಿದೆ. ಮೊದಲು ಹತ್ತಿಯ ಎಳೆ ಬಂತು. ಅದರ ಹಿಂದೆ ಧೂಳು ಹಿಡಿದ ಒಡಕು ತೊಗರಿ ಕಾಳು.

ಅತ್ತೆ ಕಾಳನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದರು. "ಇಷ್ಟಕ್ಕ ಇಷ್ಟು ಒದರಾಟ," ಎಂದರು.

ಬೆಲ್ಟು ಸಿಕ್ಕಿಸಿದೆ. ಟಕ್.

ಅಲ್ಲಿಂದ ಇಬ್ಬರೂ ಮಾತಾಡಲಿಲ್ಲ. ಈಗ ಬರುತ್ತದೆ, ಇನ್ನೇನು ಬರುತ್ತದೆ ಎಂದು ಕಿವಿಗೊಟ್ಟು ಕೂತಿದ್ದೆವು. ಶಹಾಪುರದ ಗುಡ್ಡ ಹಿಂದೆ ಸರಿಯಿತು, ಗುಂಡಿಗಳೂ ಬಂದು ಹೋದವು. ಭೀಮೆಯ ಸೇತುವೆ ಹತ್ತಿದಾಗ ಅತ್ತೆಯೇ ಬಾಯಿ ತೆರೆದರು. "ಇನ್ನ ಮಾತಾಡವಾ. ಅದು ಸುಮ್ನಾತು."

ಆಸ್ಪತ್ರೆಯಲ್ಲಿ ಸರದಿಗೆ ಕೂತಿದ್ದ ಮುದುಕಿಯರಿಗೆಲ್ಲ ಅತ್ತೆ ಅದನ್ನೇ ಹೇಳಿದರು. "ಮಿಸ್ತ್ರಿ ವಾಯರ್ ಕತ್ತರಸ್ತೀನಿ ಅಂದಿದ್ದ. ನಮ್ಮ ಸೊಸಿ ಪಿನ್ನಿಲೆ ಸರಿ ಮಾಡಿದ್ಳು. ಗಾಡೀನೂ ಆಕೀನ ಬಿಟಗೊಂಡು ಬಂದಾಳ." ಹೇಳುತ್ತ ಹೇಳುತ್ತ ಒಡಕು ಕಾಳು ಇಡೀ ಕಾಳಾಯಿತು, ಡಾಕ್ಟರು ಕರೆಯುವ ಹೊತ್ತಿಗೆ ಹಿಡಿ ಕಾಳಾಗಿತ್ತು. ಮದುವೆಯಾಗಿ ಬಂದಾಗಿನಿಂದ ಅತ್ತೆ ನನ್ನನ್ನು ನಾಲ್ಕು ಜನರ ಮುಂದೆ ಹೊಗಳಿದ್ದು ನಾನು ಕೇಳಿರಲಿಲ್ಲ. ತಲೆ ತಗ್ಗಿಸಿ ಕೂತು, ಒಂದು ಮಾತನ್ನೂ ತಿದ್ದದೆ ಎಲ್ಲವನ್ನೂ ಕೇಳಿಸಿಕೊಂಡೆ.

ಸಂಜೆ ನಾವು ಊರಿಗೆ ಮರಳಿದ ಮೇಲೆ ಗಂಡ ಕಾರನ್ನು ಬಸ್ ಸ್ಟ್ಯಾಂಡಿನವರೆಗೆ ಓಡಿಸಿ ನೋಡಿ ಬಂದರು. ಕೀಲಿ ನನ್ನ ಕೈಗೆ ಕೊಡುತ್ತ, "ನನಗ ಇದು ಹೊಳೀಲೇ ಇಲ್ಲ," ಎಂದರು. ನನಗೆ ಅಷ್ಟು ಸಾಕಿತ್ತು.

ಮುಂದೊಂದು ದಿನ ಹುಣಸಗಿಯಲ್ಲಿ ಅತ್ತೆಯ ಅಣ್ಣನ ಮನೆಗೆ ಹೋಗಿದ್ದೆವು. ತಮ್ಮ ಹೊಲ ತೋರಿಸುತ್ತೇನೆಂದು ಅವರು ನನ್ನ ಪಕ್ಕದಲ್ಲಿ ಕೂತರು. ಮನೆಯಲ್ಲಿ ಅವರ ಮಾತಿಗೆ ಯಾರೂ ಎದುರಾಡುವುದಿಲ್ಲ. ಹಿಂದೆ ಕೂತ ಅತ್ತೆ, "ಅಣ್ಣಾ, ಬೆಲ್ಟ್ ಹಾಕ್ಕೋ. ಇಲ್ಲಂದ್ರ ನನ್ನ ಸೊಸಿ ಗಾಡಿ ಬಿಡೂದಿಲ್ಲ," ಎಂದರು.

"ಇಲ್ಲೇ ಕೆನಾಲ್ ತನಕಾ ಹೋಗಾಕ ಬೆಲ್ಟ್ ಯಾಕ?"

ನಾನು ಕೀಲಿ ತಿರುಗಿಸಲಿಲ್ಲ. ಅವರು ನನ್ನ ಕಡೆ ನೋಡಿದರು, ತಂಗಿಯ ಕಡೆ ನೋಡಿದರು, ಆಮೇಲೆ ಬೆಲ್ಟು ಎಳೆದುಕೊಂಡರು. ಕೆನಾಲಿನ ದಾರಿಯಲ್ಲಿ ಭತ್ತದ ಗದ್ದೆಗಳ ನಡುವೆ ಹೋಗುವಾಗ ನನ್ನ ಕೈ ಕಾಲು ಆಡುವುದನ್ನೇ ನೋಡುತ್ತಿದ್ದರು.

"ನಮ್ಮ ಸೊಸಿಗೂ ಕಲಿಸ್ತೀಯೇನವಾ?" ಎಂದು ಕೇಳಿದರು.

"ಆಕಿಗೆ ಮನಸ್ಸಿದ್ರ ಸಾಲಿ ಸೂಟಿಯೊಳಗ ಕಳಸ್ರಿ ಮಾಮಾ," ಎಂದೆ.