ದೊಡ್ಡಮ್ಮ ಕೇಳಿದ ‘ಕ್ಲೀನ್’

ದೊಡ್ಡಮ್ಮನ ಅಂಗಡಿಗೆ ಬಟ್ಟೆ ತರುವವರು ಈಗ ‘ಕ್ಲೀನ್ ಮಾಡಿಕೊಡಿ’ ಎನ್ನುವಂತಿಲ್ಲ. ಹಾಗಂದರೆ ಬಟ್ಟೆಗಂಟು ಹಾಗೇ ವಾಪಸ್. ‘ಕಲೆ ತೆಗೆಯಿರಿ’ ಎನ್ನಬೇಕು, ‘ಒಗೆಯಿರಿ’ ಎನ್ನಬೇಕು. ಇದೇನು ಹುಚ್ಚು ಎಂದು ಹೊಸಬರು ನನ್ನ ಮುಖ ನೋಡುತ್ತಾರೆ. ಹುಚ್ಚಲ್ಲ, ಸಿಟ್ಟು. ಆ ಸಿಟ್ಟಿನಲ್ಲಿ ನನ್ನದೂ ಪಾಲಿದೆ, ಬಿಟ್ಟುಕೊಡುವುದಿಲ್ಲ.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಊರಂಚಿನಲ್ಲಿ ಅವಳದೊಂದು ಲಾಂಡ್ರಿ. ನಾನೂ ಅಲ್ಲೇ ಕೆಲಸಕ್ಕಿದ್ದೇನೆ. ಮುಂದೆ ಕೌಂಟರ್, ಹಿಂದೆ ಒಗೆಯುವ ಯಂತ್ರ, ನಡುವೆ ಇಸ್ತ್ರಿ ಮೇಜು. ಹಬೆಗೆ ಗೋಡೆಯ ಬಣ್ಣ ಉಬ್ಬಿ ಉದುರುತ್ತಿರುತ್ತದೆ. ಇಡೀ ದಿನ ನಿಂತೇ ಕೆಲಸ ಮಾಡಿ ಸಂಜೆಗೆ ಅವಳ ಕಾಲು ಊದಿಕೊಂಡು ಚಪ್ಪಲಿ ಹಿಡಿಸುವುದಿಲ್ಲ. ಬಟ್ಟೆಯ ವಿಷಯಕ್ಕೆ ಬಂದರೆ ಮಾತ್ರ ಮಹಾ ಜಂಬ. “ಕಲೆ ಹೋಗ್ಬೇಕು, ನೂಲಿಗೆ ಗೊತ್ತಾಗ್ಬಾರ್ದು” ಎನ್ನುತ್ತಾಳೆ.

ಕಾಲುನೋವಿಗೆ ಬೆಳಗ್ಗೆ ನಡೆಯಬೇಕೆಂದು ಡಾಕ್ಟರು ಹೇಳಿದ ಮೇಲೆ ಅವಳು ಅಂಗಡಿಯ ಹಿಂದಿನ ದಾರಿ ಹಿಡಿದಳು. ಹೊಲಗಳ ನಡುವಿನ ಸಣ್ಣ ದಾರಿ, ಎರಡೂ ಕಡೆ ಆಳೆತ್ತರದ ಮುಳ್ಳುಬೇಲಿ. ನಡೆಯುವುದಕ್ಕಿಂತ ನಿಲ್ಲುವುದೇ ಹೆಚ್ಚು. ಹಕ್ಕಿಗಳ ಹೆಸರು ಗೊತ್ತಿರಲಿಲ್ಲ, ಅವಳೇ ಇಟ್ಟಳು. ಕತ್ತಿನಲ್ಲಿ ಕರಿಪಟ್ಟಿ ಇದ್ದದ್ದು ‘ಕಾಲರ್’. ಎದೆ ತುಂಬ ಚುಕ್ಕೆ ಇದ್ದವು ‘ಶಾಯಿ ಚೆಲ್ಲಿಕೊಂಡವು’. ಬೇಲಿಯ ಬುಡದಲ್ಲಿ ಗಡಿಬಿಡಿಯಿಂದ ಓಡಾಡುವ ಮುಂಗುಸಿ ‘ಇನ್‌ಸ್ಪೆಕ್ಟರ್’. ಒಮ್ಮೆ ನನ್ನ ಬಾಯಿ ಮುಚ್ಚಿಸಿ, ಉಸಿರು ಬಿಗಿಹಿಡಿದು ಬಹಳ ಹೊತ್ತು ಒಂದು ಹಕ್ಕಿ ನೋಡಿದಳು. ಗಾಳಿ ಬೀಸಿದಾಗ ಅದು ಒಣ ಎಲೆ ಎಂದು ತಿಳಿಯಿತು. ನಾನು ನಕ್ಕಿದ್ದಕ್ಕೆ ಮನೆ ಮುಟ್ಟುವವರೆಗೂ ಮುಖ ಊದಿಸಿಕೊಂಡಿದ್ದಳು.

ಎಲೆ ಉದುರುವ ಕಾಲಕ್ಕೆ ಬೇಲಿ ತುಂಬ ಕೆಂಪು ಹಣ್ಣು. ಆಗ ಆ ಚುಕ್ಕೆ ಎದೆಯವು ಎಲ್ಲಿಂದಲೋ ಹಿಂಡಾಗಿ ಬಂದು, ಹೊಟ್ಟೆ ತುಂಬಿಸಿಕೊಂಡು, ಮತ್ತೆಲ್ಲಿಗೋ ಹೊರಡುತ್ತವೆ. ಸುತ್ತಲೂ ಉತ್ತ ಹೊಲ. ಈ ಬೇಲಿ ಬಿಟ್ಟರೆ ಅವಕ್ಕೆ ಬೇರೆ ಗತಿಯಿಲ್ಲ. “ನನ್ನ ನೆಂಟ್ರು ಬರೋ ಹೊತ್ತಾಯ್ತು” ಎಂದು ದೊಡ್ಡಮ್ಮ ದಿನಾ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು.

ಈ ಸಲ ನೆಂಟರಿಗಿಂತ ಮೊದಲು ಕಸ ಬಂತು. ಕಾರಿನಲ್ಲಿ ಬಂದು ತಿಂದು ಕುಡಿದು ಹೋಗುವ ಮಹಾಶಯರು ಬಾಟಲಿ, ತಟ್ಟೆ, ಪ್ಲಾಸ್ಟಿಕ್ ಚೀಲ ಎಲ್ಲವನ್ನೂ ಬೇಲಿಗೆ ಎಸೆದು ಕೈ ಒರೆಸಿಕೊಂಡರು. ಇವರೆಲ್ಲ ಮನೆಯಲ್ಲಿ ಎಂಜಲು ತಟ್ಟೆಯನ್ನು ಹಾಸಿಗೆಯ ಮೇಲೆ ಎಸೆಯುತ್ತಾರೇನೋ! ‘ಕಾಲರ್’ ಒಂದು ಕಾಲಿಗೆ ಪ್ಲಾಸ್ಟಿಕ್ ದಾರ ಸುತ್ತಿಕೊಂಡು ಕುಂಟುವುದನ್ನು ಕಂಡು ದೊಡ್ಡಮ್ಮ ಅಲ್ಲಿಂದಲೇ, ದಾರಿ ಬೇಲಿ ನೋಡಿಕೊಳ್ಳುವ ರಸ್ತೆ ಆಫೀಸಿಗೆ ಫೋನ್ ಮಾಡಿದಳು. ಎತ್ತಿದವರು ಅಲ್ಲಿನ ಸಾಹೇಬರು, ನಮ್ಮ ಹಳೇ ಗಿರಾಕಿ.

“ಬೇಲಿ ತುಂಬಾ ಗಲೀಜು ಸಾರ್. ಪೂರ್ತಿ ಕ್ಲೀನ್ ಮಾಡಿಸಿ.”

“ಆಯ್ತಮ್ಮ, ಮಾಡಿಸೋಣ.”

ಒಂದೇ ಮಾತಿಗೆ ಒಪ್ಪಿಬಿಟ್ಟರು ಎಂದು ದೊಡ್ಡಮ್ಮ ಸಿಕ್ಕಸಿಕ್ಕವರ ಮುಂದೆಲ್ಲ ಹೇಳಿಕೊಂಡು ಬಂದಳು.

ಮಾಡಿಸಿದರು. ಒಂದು ಬೆಳಗ್ಗೆ ನಾವು ಹೋದರೆ ಎಡಗಡೆಯ ಬೇಲಿಯೇ ಇಲ್ಲ. ಟ್ರ್ಯಾಕ್ಟರಿಗೆ ಕಟ್ಟಿದ ಯಂತ್ರ ಎಲ್ಲವನ್ನೂ ಮೊಣಕಾಲೆತ್ತರಕ್ಕೆ ಜಜ್ಜಿ ಹಾಕಿತ್ತು. ಹಣ್ಣು ಚಕ್ರಕ್ಕೆ ಸಿಕ್ಕಿ ಅರೆದುಹೋಗಿ ದಾರಿಯೆಲ್ಲ ಕೆಂಪಾಗಿತ್ತು. ಬಲಗಡೆಯದು ಇನ್ನೂ ನಿಂತಿತ್ತು. ಡ್ರೈವರ್ ಟ್ರ್ಯಾಕ್ಟರಿನ ನೆರಳಲ್ಲಿ ಕೂತು ನೀರು ಕುಡಿಯುತ್ತಿದ್ದ.

“ಯಾರಪ್ಪಾ ನಿನಗೆ ಕಡಿ ಅಂದಿದ್ದು?” ದೊಡ್ಡಮ್ಮ ನೇರ ಅವನ ಮುಂದೆ ಹೋಗಿ ನಿಂತಳು.

“ಸಾಹೇಬ್ರು. ಯಾರೋ ಕ್ಲೀನ್ ಮಾಡ್ಸಿ ಅಂತ ಕಂಪ್ಲೇಂಟ್ ಕೊಟ್ಟಿದ್ರಂತೆ. ಬಲಗಡೆದು ಊಟ ಆದ್ಮೇಲೆ.”

“ಬಲಗಡೆ ಮುಟ್ಟಿದ್ರೆ ನೋಡು!”

“ನಂಗ್ಯಾಕಮ್ಮಾ ಬೈತೀರಿ? ಸಾಹೇಬ್ರು ಬೇಡ ಅಂದ್ರೆ ಬಿಡ್ತೀನಿ.”

ಸಾಹೇಬರು ಫೋನ್ ಎತ್ತಲಿಲ್ಲ. ಮತ್ತೆ ಮತ್ತೆ ಮಾಡಿದರೂ ಎತ್ತಲಿಲ್ಲ. ಆದರೆ ಅವರ ಕೋಟು ನಮ್ಮಲ್ಲಿತ್ತು. ಯಾವುದೋ ಸಮಾರಂಭಕ್ಕೆ ಬೇಕೆಂದು ಅದನ್ನು ಒಯ್ಯಲು ಅಂದೇ ಬರುವವರಿದ್ದರು. ದೊಡ್ಡಮ್ಮ ಅಂಗಡಿಗೆ ಮರಳಿ, ಕೋಟನ್ನು ಇಸ್ತ್ರಿ ಮೇಜಿನ ಮೇಲೆ ಹರಡಿ ಕಾದು ಕೂತಳು. ಊಟದ ಹೊತ್ತಿಗೆ ಸಾಹೇಬರು ನಗುತ್ತಾ ಒಳಗೆ ಬಂದರು.

“ಕೋಟು ಕ್ಲೀನ್ ಆಯ್ತೇನಮ್ಮಾ?”

“ಈಗ ಮಾಡ್ತೀನಿ ಸಾರ್.” ದೊಡ್ಡ ಕತ್ತರಿ ತೆಗೆದು ಕೋಟಿನ ತೋಳನ್ನು ಅದರ ಬಾಯಿಗೆ ಕೊಟ್ಟಳು.

“ಅಯ್ಯಯ್ಯೋ! ಏನ್ ಮಾಡ್ತಿದೀರಿ?”

“ಕ್ಲೀನ್! ತೋಳಲ್ಲಿ ಟೀ ಕಲೆ ಇದೆ. ತೋಳೇ ತೆಗೆದ್ಬಿಟ್ರೆ ಕಲೆ ಎಲ್ಲಿರುತ್ತೆ? ನೀವು ಬೇಲಿ ಕ್ಲೀನ್ ಮಾಡಿಸಿದ್ರಲ್ಲ, ಹಾಗೆ!”

“ಪೂರ್ತಿ ಕ್ಲೀನ್ ಮಾಡಿಸಿ ಅಂದೋರು ನೀವೇ ತಾನೇ? ನಮ್ಮಲ್ಲಿ ಬೇಲಿ ಕ್ಲೀನ್ ಅಂದ್ರೆ ಕಟಾವು ಅಂತಾನೇ ಅರ್ಥ.”

“ನಮ್ಮಲ್ಲಿ ಕ್ಲೀನ್ ಅಂದ್ರೆ ಕೊಳೆ ತೆಗೆಯೋದು. ಫೋನ್ ಮಾಡಿ ಅವನಿಗೆ. ಬಲಗಡೆ ಮುಟ್ಬೇಡ ಅನ್ನಿ. ನನಗೂ ಕೇಳಿಸ್ಬೇಕು.”

ಸಾಹೇಬರ ಕಣ್ಣು ಕತ್ತರಿಯ ಮೇಲೇ ಇತ್ತು. ಸ್ಪೀಕರ್ ಹಾಕಿ ಫೋನ್ ಮಾಡಿದರು.

“ಬಲಗಡೆದು ಬಿಟ್ಬಿಡು ಮಾರಾಯ.”

“ಆಗ್ಲೇ ಮುಗೀತು ಸಾರ್. ಆ ಲಾಂಡ್ರಿ ಅಮ್ಮ ಮತ್ತೆ ಬಂದು ಗಲಾಟೆ ಮಾಡ್ತಾರೆ ಅಂತ ಊಟಕ್ಕೂ ನಿಲ್ದೆ ಮುಗಿಸ್ಬಿಟ್ಟೆ. ಎರಡೂ ಕಡೆ ಕ್ಲೀನ್.”

ಸಾಹೇಬರು ಫೋನ್ ಜೇಬಿಗಿಟ್ಟರು. ಹಿಂದೆ ಯಂತ್ರ ತಿರುಗುತ್ತಿತ್ತು. ನನ್ನ ಮೈಯೆಲ್ಲ ಉರಿಯುತ್ತಿತ್ತು. ಕತ್ತರಿಸು ದೊಡ್ಡಮ್ಮ, ಎರಡೂ ತೋಳು ಕತ್ತರಿಸಿ ಅವರ ಕೈಗೆ ಕೊಡು ಎಂದು ಕೂಗಬೇಕೆನಿಸಿತು. ಅವಳು ಕತ್ತರಿ ಕೆಳಗಿಟ್ಟಳು. ಎಷ್ಟೇ ಸಿಟ್ಟು ಬರಲಿ, ಬಟ್ಟೆ ಕೆಡಿಸುವುದಕ್ಕೆ ಅವಳ ಕೈ ಏಳುವುದಿಲ್ಲ. ತೋಳಿಗೆ ಕಲೆ ತೆಗೆಯುವ ಔಷಧಿ ಹಚ್ಚಿ, ಬೆರಳ ತುದಿಯಿಂದ ಮೆಲ್ಲಗೆ ಉಜ್ಜಿ, ಹಬೆ ಕೊಟ್ಟು, ಕೋಟನ್ನು ಸಾಹೇಬರ ಮುಖದ ಮುಂದೆ ಹಿಡಿದಳು. ಕಲೆ ಹೋಗಿತ್ತು, ಕೋಟು ಹಾಗೇ ಇತ್ತು.

“ನೋಡ್ಕೊಳ್ಳಿ. ಇದಕ್ಕೆ ಕ್ಲೀನ್ ಅಂತಾರೆ. ಇನ್ಮೇಲೆ ನಮ್ಮ ಅಂಗಡಿ ಮೆಟ್ಟಿಲು ಹತ್ಬೇಡಿ.”

ಸಂಜೆ ಅಂಗಡಿ ಬೇಗ ಮುಚ್ಚಿ ನಾವಿಬ್ಬರೂ ದಾರಿಗೆ ಹೋದೆವು. ಎರಡೂ ಕಡೆ ಬರೀ ಮೋಟು. ಕಸ ಮಾತ್ರ ಒಂದು ಚೂರೂ ಹೋಗಿರಲಿಲ್ಲ. ಬಾಟಲಿಗಳು ಒಡೆದು, ಚೀಲಗಳು ಚಿಂದಿಯಾಗಿ, ಬೇಲಿಯೊಳಗೆ ಅಡಗಿದ್ದದ್ದೆಲ್ಲ ಈಗ ದಾರಿಯುದ್ದಕ್ಕೂ ಹರಡಿಕೊಂಡಿತ್ತು. ಕರೆಂಟು ತಂತಿಯ ಮೇಲೆ ನೆಂಟರು ಬಂದು ಕೂತಿದ್ದರು, ಆ ಚುಕ್ಕೆ ಎದೆಯವು. ಒಂದು ಕೆಳಗಿಳಿದು ಕೆಂಪು ಪ್ಲಾಸ್ಟಿಕ್ ಚೂರನ್ನು ಕುಕ್ಕಿತು, ಬಿಟ್ಟಿತು, ಮತ್ತೊಂದನ್ನು ಕುಕ್ಕಿತು. ಸ್ವಲ್ಪ ಹೊತ್ತಿಗೆ ಹಿಂಡು ಎದ್ದು ಹೊಲ ದಾಟಿ ಹೋಯಿತು.

ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಗ್ಗಿದಳು. ಆ ಕೆಂಪು ಚೂರು, ಅದರ ಪಕ್ಕದ ಬಾಟಲಿ ಮುಚ್ಚಳ, ಒಂದು ದಾರದ ತುಂಡು ಹೆಕ್ಕಿ ಅಂಗೈ ಚಾಚಿ ನನಗೆ ತೋರಿಸಿದಳು.

“ನಾನು ಕೇಳಿದ್ದು ಇಷ್ಟೇ ಅಲ್ವೇನೇ?”